ತೂತು ಕಡಿಮೆ ಇದ್ದ ಕಾರ್ಡು

ನನ್ನ ಹೊಲಿಗೆ ಡಬ್ಬಿಯಲ್ಲಿ ಕೆಂಪು ದಾರ ಯಾವತ್ತೂ ಮುಗಿಯುವುದಿಲ್ಲ. ಬಿಳಿ ಮುಗಿಯುತ್ತದೆ, ಕರಿ ಮುಗಿಯುತ್ತದೆ, ಸೂಜಿಗಳಂತೂ ಕಾಲು ಬಂದವರ ಹಾಗೆ ಎದ್ದು ಹೋಗುತ್ತವೆ. ಕೆಂಪು ಮಾತ್ರ ಇದ್ದೇ ಇರುತ್ತದೆ. ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯಲು ಬಂದು ಕೂಡುವ ಓಣಿಯ ಹೆಣ್ಣುಮಕ್ಕಳು ಇದನ್ನು ನನ್ನ ಅಚ್ಚುಕಟ್ಟುತನ ಎಂದು ತಿಳಿದಿದ್ದಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ. ನಿಜ ಏನೆಂದರೆ, ಆ ದಾರವನ್ನು ನಾನು ಸುತ್ತಿಟ್ಟಿರುವುದು ಒಂದು ಗುಲಾಬಿ ಬಣ್ಣದ ತೆಳು ರಟ್ಟಿಗೆ. ದಾರ ಕಡಿಮೆಯಾಗಿ ರಟ್ಟು ಇಣುಕತೊಡಗಿದರೆ ಅವತ್ತೇ ಅಂಗಡಿಗೆ ಹೋಗಿ ಹೊಸ ಉಂಡೆ ತಂದು ಮೇಲೆ ಸುತ್ತಿಬಿಡುತ್ತೇನೆ. ಹೋದ ತಿಂಗಳು ಅಂಗಡಿಯಲ್ಲಿ ಕೆಂಪು ಇರಲಿಲ್ಲ. ಇತ್ತ ಕೌದಿಯ ಅಂಚು ಅರ್ಧಕ್ಕೆ ನಿಂತಿತ್ತು. ಹೊಲಿಯುತ್ತ ಹೊಲಿಯುತ್ತ ದಾರ ತೀರಿತು, ರಟ್ಟು ಬತ್ತಲೆಯಾಗಿ ಕೈಗೆ ಬಂತು.

ಅದು ಕಂಪ್ಯೂಟರಿನ ಕಾರ್ಡು. ನಗಬೇಡಿ. ಐದನೇ ಇಯತ್ತೆಗೆ ಶಾಲೆ ಬಿಟ್ಟು, ಅಣ್ಣಿಗೇರಿಯ ಅಡುಗೆಮನೆಯಿಂದ ಹೆಚ್ಚೆಂದರೆ ಹುಬ್ಬಳ್ಳಿಯ ತನಕ ಹೋಗಿ ಬಂದ ನನಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳಿದರೆ, ಒಂದರ ಕೆಲಸವನ್ನು ನಾನು ಕೆಡಿಸಿದ್ದೇನೆ. ಅದೂ ಎಪ್ಪತ್ತರ ದಶಕದಲ್ಲಿ, ನಮ್ಮ ಕಡೆ ಅದನ್ನು ಕಣ್ಣಿನಿಂದ ಕಂಡವರೇ ಇಲ್ಲದ ಕಾಲದಲ್ಲಿ. ಆ ಮಟ್ಟಿಗೆ ನಾನು ಕಾಲಕ್ಕಿಂತ ಮುಂದೆ ಇದ್ದವಳು.

ಕಾರ್ಡು ನನ್ನ ತಮ್ಮ ಈರಣ್ಣನದು. ನಮ್ಮ ತವರು ತಿರ್ಲಾಪುರ. ಅವ್ವ ಹತ್ತಿ ಬಿಡಿಸಲು ಹೋದರೆ ತಮ್ಮನನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹೀಗಾಗಿ ಅವನನ್ನು ಬಗಲಲ್ಲಿ ಎತ್ತಿಕೊಂಡೇ ನಾನು ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಏಳರ ಮಗ್ಗಿಯಲ್ಲಿ ನಾನು ತಡವರಿಸಿ ನಿಂತಾಗ, ಮುಂದಿನದನ್ನು ಬಗಲಲ್ಲಿದ್ದವನು ಹೇಳಿಬಿಟ್ಟ. ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, "ಶಾಂತಾ, ಇವನ್ನ ಇಲ್ಲೇ ಬಿಟ್ಟು ನೀ ಮನಿಗೆ ಹೋಗವಾ" ಅಂದರು. ಶಾಲೆಯೆಲ್ಲ ನಕ್ಕಿತು. ಮಾಸ್ತರರು ಅದನ್ನು ಚೇಷ್ಟೆಗೆ ಹೇಳಿದ್ದರು. ನಾನು ಮನೆಗೆ ಹೋಗಿ ಅದನ್ನೇ ಚೇಷ್ಟೆಯಾಗಿ ಹೇಳಿದೆ. ಅಪ್ಪ ಮಾತ್ರ ನಗಲಿಲ್ಲ. ಅವನಿಗೆ ಆ ಮಾತು ಅಗದಿ ಸರಿ ಅನ್ನಿಸಿತು.

ಇದನ್ನು ದೂರಲು ಹೇಳುತ್ತಿಲ್ಲ. ನನಗೆ ಏಳರ ಮಗ್ಗಿ ಇವತ್ತಿಗೂ ಬರುವುದಿಲ್ಲ. ಅವನಿಗೆ ಎಲ್ಲ ಬರುತ್ತಿತ್ತು, ಆದರೆ ವಸ್ತುಗಳ ಮೇಲೆ ಲಕ್ಷ್ಯ ಇರಲಿಲ್ಲ. ಬರೆಯುವ ಪಾಟಿಯನ್ನು ಕೆರೆಯ ದಂಡೆಯಲ್ಲಿ, ಟೊಪ್ಪಿಗೆಯನ್ನು ಬೇವಿನ ಗಿಡದಲ್ಲಿ, ಕೊಡೆಯನ್ನು ಯಾರದೋ ಕಟ್ಟೆಯ ಮೇಲೆ ಬಿಟ್ಟು ಬರುತ್ತಿದ್ದ. ಹಿಂದಿನಿಂದ ಹೋಗಿ ಎಲ್ಲ ಆರಿಸಿಕೊಂಡು ಬರುವವಳು ನಾನು. ಆರಿಸಿ ತರುವುದರಲ್ಲಿ ನನಗೆ ಒಂದು ಒಳಗಿನ ಖುಷಿಯೂ ಇತ್ತು. ಅವನು ಕಲಿಯಲಿ, ನಾನು ಆರಿಸುತ್ತೇನೆ ಅಂತ.

ಅವನು ಧಾರವಾಡದಲ್ಲಿ ಓದಿ, ಪುಣೆಯಲ್ಲಿ ದೊಡ್ಡ ಕಂಪ್ಯೂಟರ್ ಇದ್ದ ಒಂದು ಕಚೇರಿಗೆ ಸೇರಿದ. ನನ್ನನ್ನು ಅಣ್ಣಿಗೇರಿಗೆ ಕೊಟ್ಟರು. ಮದುವೆಯಾಗಿ ಹತ್ತು ವರ್ಷ ಕಳೆದಿರಬೇಕು, ಒಮ್ಮೆ ಮಹಾನವಮಿಗೆ ನಾನು ತಿರ್ಲಾಪುರಕ್ಕೆ ಹೋಗಿದ್ದಾಗ ಅವನೂ ಬಂದ. ಕೈಯಲ್ಲಿ ಟ್ರಂಕು, ಬಗಲಲ್ಲಿ ಒಂದು ಉದ್ದನೆಯ ಡಬ್ಬಿ. ಬಸ್ಸಿನಲ್ಲಿ ಅದನ್ನು ಕೆಳಗೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದನಂತೆ. ಅವ್ವ ಅದನ್ನು ಪುಣೆಯ ಪೇಢೆ ಎಂದು ತಿಳಿದು ಅಡುಗೆಮನೆಗೆ ಒಯ್ಯುವವಳಿದ್ದಳು.

ಡಬ್ಬಿಯೊಳಗೆ ಇದ್ದದ್ದು ತೂತು ಬಿದ್ದ ಕಾರ್ಡುಗಳು. ಆಗ ಕಂಪ್ಯೂಟರಿಗೆ ಏನು ಹೇಳಬೇಕಾದರೂ ಕಾರ್ಡಿಗೆ ತೂತು ಹಾಕಿ ಹೇಳಬೇಕಿತ್ತಂತೆ. ಹುಬ್ಬಳ್ಳಿಯ ಒಂದು ಹತ್ತಿ ಕಂಪನಿಯವರು ಸಣ್ಣ ಮಶೀನು ತರಿಸಿದ್ದರು. ಅದಕ್ಕೆ ಬೇಕಾದ ಲೆಕ್ಕದ ಕೆಲಸವನ್ನು ತಮ್ಮ ಪುಣೆಯಲ್ಲಿ ಕೂತು ಬರೆದಿದ್ದ, ಇನ್ನೊಮ್ಮೆ ತಿದ್ದಿ ನೋಡಲು ಊರಿಗೂ ಹೊತ್ತು ತಂದಿದ್ದ. ಅದು ಹುಬ್ಬಳ್ಳಿಯಲ್ಲಿ ನಡೆದು ತೋರಿಸಿದರೆ, ಮಶೀನು ನೋಡಿಕೊಳ್ಳಲು ಅವನನ್ನೇ ಹುಬ್ಬಳ್ಳಿಗೆ ಇಟ್ಟುಕೊಳ್ಳುವ ಮಾತಾಗಿತ್ತು. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಎರಡು ಸಲ ಎಲೆ ಅಡಿಕೆ ಹಾಕುವುದರೊಳಗೆ ಅಣ್ಣಿಗೇರಿ. ರವಿವಾರ ಅವನು ಊಟಕ್ಕೆ ಬರುವುದು, ಬದನೆಕಾಯಿ ಎಣ್ಣೆಗಾಯಿ ಮಾಡುವುದು, ಉಳಿದ ದಿನಗಳಿಗೆ ಶೇಂಗಾ ಚಟ್ನಿ ಕಟ್ಟಿಕೊಡುವುದು ಇವೆಲ್ಲ ನನ್ನ ಮನಸ್ಸಿನಲ್ಲಿ ಅವತ್ತೇ ನಿಶ್ಚಯವಾಗಿಹೋದವು.

ಸಂಜೆ ಕಟ್ಟೆಯ ಮೇಲೆ ಕೂತು, ಇದರಲ್ಲಿ ಏನಿದೆ ಎಂದು ಕೇಳಿದೆ. ಅವನು ಕಾರ್ಡುಗಳ ಕಟ್ಟುಗಳನ್ನು ತೋರಿಸಿದ. ಒಂದು ಕಟ್ಟು ಲೆಕ್ಕ ಓದಿಕೊಳ್ಳುವುದಕ್ಕೆ, ಒಂದು ಕೂಡಿಸುವುದಕ್ಕೆ, ಇನ್ನೊಂದು ಕಾಗದದ ಮೇಲೆ ಅಚ್ಚು ಹಾಕುವುದಕ್ಕೆ. ಒಂದೊಂದನ್ನೂ ಬೇರೆ ಬೇರೆ ಬರೆದದ್ದು. ಒಂದಕ್ಕೆ ಇನ್ನೊಂದು ಎಲ್ಲಿದೆ ಎಂದು ಗೊತ್ತಿಲ್ಲ. ಇವನ್ನೆಲ್ಲ ಕೂಡಿಸಿ ಒಂದೇ ಮಾಡಿ ಕೊಡುವುದಕ್ಕೆ ಪುಣೆಯ ದೊಡ್ಡ ಮಶೀನಿನಲ್ಲಿ ಒಂದು ವ್ಯವಸ್ಥೆ ಇದೆ, ಅದಕ್ಕೆ ಲಿಂಕರ್ ಅನ್ನುತ್ತಾರೆ ಅಂದ. ಕೌದಿ ಹೊಲಿದ ಹಾಗೆಯೋ ಎಂದು ಕೇಳಿದೆ.

"ಹೂಂ, ಕೌದಿ ಹೊಲದಂಗ. ಆದ್ರ ಬರೇ ಹೊಲದ್ರ ಆಗಂಗಿಲ್ಲಕ್ಕಾ. ಯಾರ ಮನಿಗೆ ಹೋಗೂದು ಅಂತ ಗೊತ್ತಿರಬೇಕ. ಪುಣೇದ ಮಶೀನು, ಹುಬ್ಬಳ್ಳಿ ಮಶೀನು ಎರಡೂ ಒಂದ ಕಂಪನೀವು. ಆದ್ರ ಒಳಗ ಮನಿ ನಡಸಾಕಿ ಬ್ಯಾರೆ ಬ್ಯಾರೆ. ಆಕಿಗೆ ಆಪರೇಟಿಂಗ್ ಸಿಸ್ಟಮ್ ಅಂತಾರ."

"ಯಾರಪಾ ಆಕಿ?"

"ಅತ್ತಿ," ಅಂದ.

ಅವ್ವ ಹೂಬತ್ತಿ ಹೊಸೆಯುವುದನ್ನು ಬಿಟ್ಟು ಕಿವಿ ಕೊಟ್ಟಳು. ಅಲ್ಲಿಯತನಕದ ಮಾತೆಲ್ಲ ಅವಳಿಗೆ ಇಂಗ್ಲೀಷಾಗಿತ್ತು, ಈಗ ತಿಳಿಯತೊಡಗಿತು.

ಈರಣ್ಣ ಮುಂದುವರಿಸಿದ. ಮಶೀನು ಅಂದರೆ ಬರೀ ಮನೆ, ಗೋಡೆ, ಮಾಡು. ಒಳಗೆ ಯಾರು ಎಲ್ಲಿ ಕೂಡಬೇಕು, ಕಾಳಿನ ಡಬ್ಬಿ ಯಾವ ಕಡೆ, ಹೊಸದಾಗಿ ಬಂದವರು ಯಾವುದನ್ನು ಮುಟ್ಟಬಹುದು, ಏನು ಬೇಕಾದರೆ ಯಾರನ್ನು ಕೇಳಬೇಕು, ಇದನ್ನೆಲ್ಲ ನಡೆಸುವುದು ಆ ಅತ್ತೆ. ಒಬ್ಬ ಅತ್ತೆಯ ಮನೆಯ ರೀತಿಗೆ ತಯಾರಾಗಿ ಹೋದವಳು ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ. "ಮದಿವ್ಯಾದ ಮರುದಿನ ನೀ ಅಣ್ಣಿಗೇರ್ಯಾಗ ಏನ ಮಾಡಿದಿ, ನೆನಪೈತಿಲ್ಲೋ?"

ನೆನಪಿಲ್ಲದೆ ಏನು. ಓದುವವರಿಗೂ ಹೇಳಿಬಿಡುತ್ತೇನೆ. ತಿರ್ಲಾಪುರದ ಮನೆಯಲ್ಲಿ ಹಿತ್ತಲ ಬಾಗಿಲು ದಾಟಿದರೆ ಬಲಕ್ಕೆ ಎಮ್ಮೆಯ ಮುಸುರಿ ಬಾನಿ. ಹುಟ್ಟಿದಾಗಿನಿಂದ ನನ್ನ ಕೈಗೆ ಅದೇ ಗೊತ್ತು. ಗಂಡನ ಮನೆಯ ಮೊದಲ ಬೆಳಗು, ಇನ್ನೂ ಮಬ್ಬು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುರುಪಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಮುಸುರಿ ಕೊಡ ಹೊತ್ತು, ಹಿತ್ತಲ ಬಾಗಿಲು ದಾಟಿ, ಬಲಕ್ಕೆ ಕೈ ತಿರುಗಿಸಿ ಸುರಿದೆ. ಅಣ್ಣಿಗೇರಿಯ ಮನೆಯಲ್ಲಿ ಬಲಕ್ಕೆ ಇದ್ದದ್ದು ಕುಡಿಯುವ ನೀರಿನ ಹಂಡೆ. ನಮ್ಮ ಅತ್ತೆ ಕೂಗಾಡಲಿಲ್ಲ. ಹಂಡೆಯನ್ನು ನೋಡಿದರು, ನನ್ನನ್ನು ನೋಡಿದರು, ಎಮ್ಮೆಯನ್ನು ಕರೆದುಕೊಂಡು ಬಾ ಅಂದರು.

"ಹಾಂಗ," ಅಂದ ಈರಣ್ಣ, ನಕ್ಕು ಮುಗಿದ ಮೇಲೆ. "ಲಿಂಕರ್‌ಗೆ ಯಾವ ಅತ್ತಿ ಮನಿ ಅಂತ ಮೊದಲ ಹೇಳಬೇಕ. ಹೇಳದಿದ್ರ ಅದು ಕೇಳಂಗಿಲ್ಲ. ತನ್ನ ಮನಿಗೇ ಅಂತ ತಿಳಕೊಂಡು, ತನ್ನ ಮನಿ ರೀತೀಲೆ ಕೂಡಿಸಿ ಕೊಡತೈತಿ. ತಪ್ಪಂತೂ ಅನ್ನಂಗಿಲ್ಲ. ಅದರ ಲೆಕ್ಕಕ್ಕ ಅದು ತಪ್ಪಲ್ಲ."

ಹೇಳುವುದು ಎಲ್ಲಿ, ಹೇಗೆ ಎಂದು ನಾನು ಕೇಳುವವಳಿದ್ದೆ. ಅಷ್ಟರಲ್ಲಿ ಅವನ ಗೆಳೆಯರು ಬಂದು ಗರಡಿಮನೆಗೆ ಎಳೆದುಕೊಂಡು ಹೋದರು. ಅವರು ಇನ್ನೊಂದು ಗಳಿಗೆ ತಡವಾಗಿ ಬಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮರುದಿನ ಖಂಡೆ ಪೂಜೆ. ಆ ವರ್ಷ ಬನ್ನಿ ಕೊಡುವುದೂ ಅವತ್ತೇ ಬಂದಿತ್ತು. ದುಡಿಯುವ ಸಾಮಾನುಗಳಿಗೆ ನಮ್ಮಲ್ಲಿ ಅವತ್ತು ಪೂಜೆ, ವಿಶ್ರಾಂತಿ. ನಮ್ಮ ಅವ್ವನಿಗೆ ಈ ಹಬ್ಬದಲ್ಲಿ ಕೈ ಬಿಗಿ ಇರಲಿಲ್ಲ. ಕೂರಿಗೆ, ಕುಂಟೆ, ಕುಡಗೋಲು, ಒನಕೆ, ಬೀಸುವ ಕಲ್ಲು, ಅಪ್ಪನ ದಾಡಿ ಮಾಡುವ ಕತ್ತಿ ಎಲ್ಲಕ್ಕೂ ವಿಭೂತಿ. ಒಂದು ವರ್ಷ ಪತ್ರ ಕೊಡಲು ಬಂದ ಪೋಸ್ಟಮನ್ನನ ಸೈಕಲ್ಲಿಗೂ ಹಚ್ಚಿ, ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿ ಕಳಿಸಿದ್ದಳು. ಈ ಸಲ ಅವಳ ಕಣ್ಣು ಕಾರ್ಡಿನ ಡಬ್ಬಿಯ ಮೇಲೆ ಬಿತ್ತು. "ಅದ ಅಲ್ಲೇನ ನಮ್ಮ ಈರ್ಯಾನ ಕುಡಗೋಲು," ಅಂದಳು. ತಮ್ಮ ಬನ್ನಿ ತರಲು ಹೋಗಿದ್ದ. ಪೂಜೆಯ ತಾಟು ನನ್ನ ಕೈಯಲ್ಲಿತ್ತು.

ಡಬ್ಬಿಗೆ ಹಚ್ಚಿದ್ದರೆ ಸಾಕಿತ್ತು. ಆದರೆ ಡಬ್ಬಿ ಡಬ್ಬಿಯೇ, ದುಡಿಯುವುದು ಒಳಗಿನದು ಎಂಬ ವಿಚಾರ ನನಗೆ ಬಂತು. ಓದದವರಿಗೆ ವಿಚಾರ ಬರಬಾರದು ಎಂದು ಏನಿಲ್ಲವಲ್ಲ. ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮುಂದೆ ಒಂದು ಗುಲಾಬಿ ಕಾರ್ಡು, ಹಿಂದಿನವೆಲ್ಲ ಹಾಲಿನ ಕೆನೆಯ ಬಣ್ಣ. ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಗುಲಾಬಿ ಕಾರ್ಡಿಗೆ ಎಳೆದೆ. ನಡುವೆ ಕುಂಕುಮ ಇಟ್ಟೆ. ಚಂದ ಕಾಣಿಸಿತು. ಆರತಿ ಮುಗಿಯುವುದರೊಳಗೆ ಕಾರ್ಡು ನೀರು ಹೀರಿ ಹಪ್ಪಳದ ಹಾಗೆ ಉಬ್ಬಿ ಎದ್ದಿತು.

ಒಂದು ಕಾರ್ಡು ಸೊಟ್ಟಗಾದರೂ ಮಶೀನಿನ ಬಾಯಿಗೆ ಸಿಕ್ಕು ಉಳಿದವನ್ನೂ ಜಗಿದು ಹಾಕುತ್ತದೆ ಎಂದು ತಮ್ಮ ಹೇಳಿದ್ದ. ಹಾಗಾದರೆ ಇದನ್ನು ತೆಗೆಯಬೇಕು. ತೆಗೆದರೆ ನಡೆಯುತ್ತದೆಯೋ? ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ಕಾರ್ಡುಗಳಲ್ಲಿ ಜರಡಿಯ ಹಾಗೆ ತೂತು. ಇದರಲ್ಲಿ ಎಡಕ್ಕೆ ನಾಲ್ಕಾರು ತೂತು, ಉಳಿದದ್ದೆಲ್ಲ ಖಾಲಿ. ತೂತು ಹಾಕುವುದೇ ಹೇಳುವುದು ಅಂದಮೇಲೆ, ತೂತು ಕಡಿಮೆ ಇದ್ದದ್ದು ಹೇಳುವುದೂ ಕಡಿಮೆ. ಬಣ್ಣವೂ ಬೇರೆ. ಪುಸ್ತಕದ ಮೇಲಿನ ರಟ್ಟಿನ ಹಾಗೆ ಇದೊಂದು ಹೊದಿಕೆ ಇರಬೇಕು ಎಂದು ನಿರ್ಣಯಿಸಿದೆ. ಅದನ್ನು ತೆಗೆದು, ಉಳಿದವನ್ನು ಮೊದಲಿದ್ದ ಹಾಗೇ ಇಟ್ಟು, ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಇನ್ನೊಮ್ಮೆ ವಿಭೂತಿ ಹಚ್ಚಿದೆ.

ತಮ್ಮನಿಗೆ ಹೇಳಬೇಕು ಎಂದೇ ಇದ್ದೆ. ಅವನು ಬಂದ, ಬನ್ನಿ ಕೊಟ್ಟ, ಊರೆಲ್ಲ ಬಂತು. ಪೂಜೆಗಿಟ್ಟ ಸಾಮಾನನ್ನು ಅವತ್ತು ಅವ್ವ ಯಾರಿಗೂ ಮುಟ್ಟಗೊಡುವುದಿಲ್ಲ, ಆದ್ದರಿಂದ ಅವನು ಡಬ್ಬಿ ತೆರೆಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅದನ್ನು ಹಾಗೇ ಬಗಲಿಗೆ ಏರಿಸಿಕೊಂಡು ಪುಣೆಗೆ ಹೊರಟ. ನಾನು ಬುತ್ತಿ ಕಟ್ಟುವ ಗದ್ದಲದಲ್ಲಿ ಮರೆತೆ ಎಂದು ಬರೆದರೆ ನೀವು ನಂಬುತ್ತೀರಿ. ಮರೆತಿರಲಿಲ್ಲ. ಕಾರ್ಡು ನನ್ನ ಸೀರೆಯ ಗಂಟಿನಲ್ಲೇ ಇತ್ತು. ಇವತ್ತು ಬೇಡ, ಆಮೇಲೆ ಹೇಳಿದರಾಯಿತು ಅಂದುಕೊಂಡೆ, ಅಷ್ಟೆ. ಪೂಜೆಯಾದದ್ದನ್ನು ಒಲೆಗೆ ಹಾಕಲು ಬಾರದು, ತಿಪ್ಪೆಗೂ ಎಸೆಯಲು ಬಾರದು. ಅಣ್ಣಿಗೇರಿಗೆ ಬಂದಮೇಲೆ ಹೊಲಿಗೆ ಡಬ್ಬಿಗೆ ಹಾಕಿದೆ.

ಕೆಲವು ವಾರಗಳ ಮೇಲೆ ಒಂದು ಸಂಜೆ, ಹುಬ್ಬಳ್ಳಿಯ ಗಾಡಿಗೆ ಬಂದಿಳಿದ ಈರಣ್ಣ ನಮ್ಮ ಅಡುಗೆಮನೆಯಲ್ಲಿ ಬಂದು ಕೂತ. ನಾನು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಬಾಜುಕ್ಕೆ ಕೂತು ಸೊಪ್ಪು ಸೋಸುತ್ತಿದ್ದರು. ಅವನ ಕೆಲಸ ನಡೆಸಿ ನೋಡುವ ದಿನವೆಂದು ಕಂಪನಿಯವರು ಹಾರ ತರಿಸಿದ್ದರಂತೆ, ತೆಂಗಿನಕಾಯಿ ಒಡೆದರಂತೆ. ಪುಣೆಯಲ್ಲಿ ಕೂಡಿಸಿ ತಂದದ್ದು ಕಾಗದದ ಪಟ್ಟಿಯ ಸುರುಳಿಯಲ್ಲಿತ್ತು. ಮಶೀನು ಅದನ್ನು ಸರಸರ ನುಂಗಿತು, ಒಂದು ಸಾಲು ಟಕಟಕ ಬಡಿಯಿತು, ಸುಮ್ಮನೆ ಕೂತಿತು. ಎಲ್ಲರೂ ಚಹಾ ಕುಡಿದರು, ಕಾಯ್ದರು, ಇನ್ನೊಮ್ಮೆ ಚಹಾ ಕುಡಿದರು, ಎದ್ದುಹೋದರು. ಹಾರ ಅಲ್ಲೇ ಕುರ್ಚಿಯ ಮೇಲೆ ಉಳಿಯಿತು.

ಅವನು ಪುಣೆಯ ಮಶೀನು ಅಚ್ಚು ಹಾಕಿ ಕೊಟ್ಟಿದ್ದ ಉದ್ದನೆಯ ಕಾಗದವನ್ನು ನೆಲದ ಮೇಲೆ ಬಿಚ್ಚುತ್ತ ಹೋದ. ಅದು ಒಲೆಯಿಂದ ಹಿತ್ತಲ ಬಾಗಿಲಿನ ತನಕ ಹೋಯಿತು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೂತ.

"ಬರದಿಟ್ಟೈತಿ ನೋಡಕ್ಕಾ. ನಾ ಓದಲೇ ಇಲ್ಲ. ಲಿಂಕರ್ ತನ್ನ ಮನಿಗೇ ಅಂತ ಕೂಡಿಸೈತಿ."

"ಯಾಕಂತ?" ಅಂದೆ.

"ಹುಬ್ಬಳ್ಳಿ ಮನಿಗೆ ಅಂತ ಹೇಳೂ ಕಾರ್ಡ ಎಲ್ಲಾಕ್ಕಿಂತ ಮುಂದ ಇರತೈತಿ. ಗುಲಾಬಿ ಬಣ್ಣದ್ದು. ಇಟ್ಟಿದ್ದೆ ಅಂತನ ನನಗ ಅನಸತೈತಿ. ಡಬ್ಬಿ ತಗದು ನೋಡಿದ್ರ ಇಲ್ಲ. ಇಡೂದ ಮರತಿರಬೇಕ. ನನ್ನ ಹಣೇಬರಾನ ಅಷ್ಟ, ಪಾಟಿ ಬಿಟ್ಟ ಬರಾವ."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಹೊಲಿಗೆ ಡಬ್ಬಿ ಅವನ ತಲೆಯ ಮೇಲಿನ ಗೂಡಿನಲ್ಲೇ ಇತ್ತು, ಕೈ ಚಾಚಿದರೆ ಸಿಗುವ ಹಾಗೆ. ಅತ್ತೆ ಅಂದರು, "ಶಾಂತಾ, ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತೈತಿ." ನಾನು ರೊಟ್ಟಿ ತಿರುವಿ ಹಾಕಿದೆ.

ಅತ್ತೆಗೆ ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಾಗೇನಿಲ್ಲ. ಹಂಡೆಗೆ ಮುಸುರಿ ಸುರಿದವಳನ್ನು ಇಟ್ಟುಕೊಂಡವರು ಅವರು. ಈರಣ್ಣ ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಿದವನಲ್ಲ. ಸಿಟ್ಟು ಬಂದಾಗ ಅವನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗುವುದು ಬೇಡವಾಗಿತ್ತು. ಅಷ್ಟಕ್ಕಾಗಿ ಅವನ ತಪ್ಪಲ್ಲದ್ದನ್ನು ಅವನ ತಲೆಯ ಮೇಲೆ ಇರಲು ಬಿಟ್ಟೆ.

ಅವನು ಪುಣೆಗೆ ಹೋಗಿ ಹೊಸ ಕಾರ್ಡು ಇಟ್ಟು ಮತ್ತೆ ಕೂಡಿಸಿ ಕಳಿಸಿದ. ಈ ಸಲ ಎಲ್ಲ ಸುರಳೀತ ನಡೆಯಿತಂತೆ. ಆದರೆ ಮರೆಯುವವನನ್ನು ಮಶೀನಿನ ಹತ್ತಿರ ಇಡುವುದು ಹೇಗೆ ಎಂದು ಕಂಪನಿಯವರು ಬೇರೊಬ್ಬನನ್ನು ಹುಡುಕಿಕೊಂಡರು. ಈರಣ್ಣ ಪುಣೆಯಲ್ಲೇ ಉಳಿದ. ನನ್ನ ಎಣ್ಣೆಗಾಯಿ ರವಿವಾರಗಳು ಹೋದವು. ಅದಕ್ಕಿಂತ ದೊಡ್ಡದೊಂದು ಹೋಯಿತು, ಅದು ಗೊತ್ತಾಗಲು ನನಗೆ ಹೊತ್ತು ಹಿಡಿಯಿತು. ಅಂದಿನಿಂದ ನನ್ನ ತಮ್ಮ ಏನನ್ನೂ ಮರೆಯುವುದನ್ನು ಬಿಟ್ಟುಬಿಟ್ಟ.

ಒಳ್ಳೆಯದೇ ಆಯಿತಲ್ಲ ಅನ್ನಬೇಡಿ. ಕೀಲಿ ಹಾಕಿ ಜಗ್ಗಿ ನೋಡುತ್ತಾನೆ, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುತ್ತಾನೆ. ರೈಲಿನ ತಿಕೀಟು ಕಿಸೆಯಲ್ಲಿ ಇದೆಯೋ ಇಲ್ಲವೋ ಎಂದು ಗದಗಿನತನಕ ಕಿಸೆ ಒತ್ತಿಕೊಂಡೇ ಕೂತಿರುತ್ತಾನೆ. ಅವನ ಮದುವೆಯಲ್ಲಿ ತಾಳಿ ಇದೆಯೋ ಎಂದು ಅಕ್ಕಿಕಾಳು ಬೀಳುವತನಕ ಕೇಳುತ್ತಿದ್ದ. ಮದುವೆ ಮಾಡಿಸುತ್ತಿದ್ದ ಅಯ್ಯನವರು ಬೇಸತ್ತು, "ತಮ್ಮಾ, ಹೆಣ್ಣು ಐತಿ ನೋಡಕೋ ಮೊದಲ" ಅಂದರು. ಮಂಟಪವೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಆಮೇಲೆ ಅಡುಗೆಯವರ ಕಡೆ ಹೋಗಿ ಕಣ್ಣೊರಸಿಕೊಂಡೆ. ಹೊಗೆಗೆ ಎಂದು ಹೇಳಿದೆ.

ತಪ್ಪೊಪ್ಪಿಕೊಳ್ಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ ಎಂಬುದನ್ನೂ ಹೇಳಬೇಕು. ಅಮಾವಾಸ್ಯೆಗೊಮ್ಮೆ ಬಸವಣ್ಣನ ಮುಂದೆ ಹೇಳಿದೆ. ಹಾಲು ಹಿಂಡುವಾಗ ಎಮ್ಮೆಗೆ ಹೇಳಿದೆ, ಅದು ಕಿವಿ ಅಲ್ಲಾಡಿಸಿತು. ನಮ್ಮ ಮನೆಯವರಿಗೆ ಹೇಳಿದೆ. ಅವರು ತೀರಿಕೊಳ್ಳುವ ಹಿಂದಿನ ವರ್ಷ ಮತ್ತೊಮ್ಮೆ ಹೇಳಿದಾಗ, "ಎಷ್ಟ ಸಲ ಹೇಳತಿ ನನಗ. ನಾ ಏನ ಪುಣೇದಾಗ ಅದೇನಿ?" ಅಂದರು. ಆಗ ನಕ್ಕು ಬಿಟ್ಟಿದ್ದೆ. ಹೋದ ತಿಂಗಳು ದಾರ ತೀರಿ ಕಾರ್ಡು ಕೈಗೆ ಬಂದಾಗ ಆ ಮಾತು ನೆನಪಾಯಿತು. ಯಾರ ಮನೆಗೆ ಎಂದು ಹೇಳದಿದ್ದರೆ, ಕೂಡಿಸಿದ್ದು ಕೂಡಿಸಿದವರ ಮನೆಗೇ ಅಂತಲ್ಲವೇ ಅವನು ಹೇಳಿದ್ದು? ನಾನು ಇಷ್ಟು ವರ್ಷ ಹೇಳಿದ್ದೆಲ್ಲ ನನ್ನ ಮನೆಯೊಳಗೇ ನಡೆಯಿತು. ಚಲೋ ನಡೆಯಿತು. ಹೋಗಬೇಕಾದ ಮನೆಗೆ ಮಾತ್ರ ಹೋಗಲಿಲ್ಲ.

ಈ ಸಲ ಬನ್ನಿ ಕೊಡಲು ಈರಣ್ಣ ಬಂದ. ಪ್ರತಿ ವರ್ಷ ಬರುತ್ತಾನೆ, ಈಗ ಕೆಲಸದಿಂದ ಬಿಡುವಾಗಿದೆ, ತಲೆ ಪೂರಾ ಬೆಳ್ಳಗಾಗಿದೆ. ಕೈಯಲ್ಲಿ ಎಂದಿನ ಕರಿ ಕೊಡೆ. ಒಳಗೆ ಬಂದವನು ಅದನ್ನು ಗೂಟಕ್ಕೆ ಹಾಕಿ, ಬಿದ್ದೀತೋ ಎಂದು ಅಲ್ಲಾಡಿಸಿ ನೋಡಿದ. ಬನ್ನಿ ಎಲೆಯನ್ನು ನನ್ನ ಕೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣಕ್ಕಾ" ಅಂದು ಕಾಲು ಮುಟ್ಟಿದ. ತಿರುಗಿ ಬನ್ನಿ ಕೊಡಬೇಕಾದ ಕೈಯಿಂದ ನಾನು ಕಾರ್ಡು ಕೊಟ್ಟೆ.

ಅವನು ಅದನ್ನು ಬೆಳಕಿಗೆ ಹಿಡಿದ. ವಿಭೂತಿ ಎಳೆದ ಕಡೆ ಕಾರ್ಡು ಇನ್ನೂ ಒರಟಾಗಿಯೇ ಇದೆ, ಕುಂಕುಮದ ಕಲೆಯೂ ಇದೆ. ಬೆರಳಿನಿಂದ ಮುಟ್ಟಿ ನೋಡಿದ. ಓದಿದವನಲ್ಲವೇ, ಬಿಡಿಸಿ ಹೇಳಬೇಕಾಗಲಿಲ್ಲ.

"ಖಂಡೆ ಪೂಜಿ ದಿವಸೇನು?"

"ಹೂಂ."

"ಇದನ್ನ ಯಾಕ ತಗದಿ ಬೇ? ಅಷ್ಟೂ ಕಾರ್ಡ ಇದ್ದಾಗ ಇದನ್ನ ಯಾಕ?"

"ಉಬ್ಬಿತ್ತು. ಮತ್ತ... ತೂತು ಕಡಿಮಿ ಇದ್ವು."

ಅವನು ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಚಾಪೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವತನಕ ನಕ್ಕ. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಪಂಜೆಯ ಚುಂಗಿನಿಂದ ಮುಖ ಒರಸಿಕೊಂಡು, ನನ್ನ ಕಡೆ ನೋಡದೆ ಅಂದ: "ನಾ ಇಟ್ಟಿದ್ದೆ ಅಂದಂಗಾತು."

"ಇಟ್ಟಿದ್ದಿ."

"ಇಷ್ಟ ದಿವಸ ನನ್ನ ಕೈ ನಾ ನಂಬಲಿಲ್ಲಕ್ಕಾ."

ಸಿಟ್ಟಾದಾಗ ಅವನ ಮುಖ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ನಾನು ಹೆದರಿದ್ದಷ್ಟು ಕೆಟ್ಟದಾಗಿಯೇ ಇತ್ತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಎಣ್ಣೆಗಾಯಿ ಬಡಿಸಿದೆ. ಉಂಡ. ಇನ್ನೊಂದು ರೊಟ್ಟಿ ಬೇಕೋ ಎಂದಾಗ ತಾಟು ಮುಂದೆ ಸರಿಸಿದ. ಕಾರ್ಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಗಾಡಿಯ ಹೊತ್ತಾಯಿತೆಂದು ಎದ್ದ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಣಿಯ ತಿರುವಿನಲ್ಲಿ ಅವನು ಯಾವಾಗಲೂ ನಿಂತು ಕಿಸೆ, ಚೀಲ, ಚಪ್ಪಲಿ ಎಲ್ಲ ನೋಡಿಕೊಳ್ಳುತ್ತಾನೆ. ಅವತ್ತು ನಿಲ್ಲದೆ ತಿರುವು ದಾಟಿ ಹೋದ. ಒಳಗೆ ಬಂದು ನೋಡಿದರೆ ಕೊಡೆ ಗೂಟದಲ್ಲೇ ಇತ್ತು. ಪಡುವಣಕ್ಕೆ ಮೋಡ ಕವಿದಿತ್ತು, ಓಡಿದರೆ ಸ್ಟೇಷನ್ನಿನಲ್ಲಿ ಸಿಗುತ್ತಿದ್ದ. ಸಣ್ಣವಳಿದ್ದಾಗಿನ ಹಾಗೆ ಹಿಂದೆ ಹೋಗಿ ಕೊಟ್ಟುಬರಬೇಕೆಂದು ಕೊಡೆಯನ್ನು ಕೈಗೆ ತೆಗೆದುಕೊಂಡೆ. ಆಮೇಲೆ ತಿರುಗಿ ಗೂಟಕ್ಕೇ ಹಾಕಿದೆ. ಮರೆತು ಹೋಗಲಿ ಅವನು, ತೊಯ್ದರೂ ಚಿಂತೆಯಿಲ್ಲ.